ಹಿಂದಕ್ಕೆ ಹೋಗುವವನ ಧಾರಾವಾಹಿ

ಮಗಳಿಗೆ ಅಪ್ಪನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಬಳಿ ಬಿಟ್ಟುಹೋದ ನಿನ್ನ ಮಗಳು ಮರಿಯ ಕೆಮ್ಮು ನಿಂತಿದೆ.

ಕಾಲದಲ್ಲಿ ಹಿಂದಕ್ಕೆ ಹೋಗುವವನೊಬ್ಬನ ಧಾರಾವಾಹಿ ಟೀವಿಯಲ್ಲಿ ಬರುತ್ತಿದೆ. ಮೊನ್ನೆಯ ಕಂತಿನಲ್ಲಿ ಅವನು ತಾಯಿ ಸುಖವಾಗಿರಲೆಂದು ಅವಳ ಮದುವೆಯನ್ನೇ ತಪ್ಪಿಸಿದ. ಟೀವಿ ನೋಡಲು ನಮ್ಮನೆಗೆ ಬಂದಿದ್ದ ಕೆಳಮನೆಯ ದರ್ಜಿ, "ಮದುವೇನೇ ಆಗದಿದ್ರೆ ಇವನು ಹುಟ್ಟಿದ್ದು ಹೇಗೆ? ಹುಟ್ಟದವನು ಹೋಗಿ ತಪ್ಪಿಸಿದ್ದು ಹೇಗೆ? ನಮ್ಮ ಕಿವಿ ಮೇಲೆ ಹೂ ಇಡ್ತಾರಾ?" ಎಂದು ರೇಗಿದ.

"ಸುಮ್ನೆ ನೋಡಯ್ಯ. ನೀನು ಹೊಲಿದ ಬಟ್ಟೆ ಎಂದಾದ್ರೂ ಹೇಳಿದ ದಿನಕ್ಕೆ ಬಂದಿದೆಯಾ?" ಎಂದಳು ನಿನ್ನಮ್ಮ. ಎಲ್ಲರೂ ನಕ್ಕೆವು. ಮರಿ ಮಾತ್ರ ನಗಲಿಲ್ಲ.

ಮಲಗುವಾಗ ಕೇಳಿದಳು: "ತಾತ, ಅಮ್ಮ ಹಿಂದಕ್ಕೆ ಹೋದ್ರೆ ನಾನೂ ಇರಲ್ಲ ಅಲ್ವಾ?"

ನೀನು ಫೋನಿನಲ್ಲಿ "ಆ ಮದುವೆಗೆ ಒಪ್ಪಲೇಬಾರದಿತ್ತು" ಎಂದು ಅತ್ತಿದ್ದು ಅವಳ ಕಿವಿಗೆ ಬಿದ್ದಿದೆ. ನೀನು ಪಟ್ಟ ಪಾಡು ನಮಗೆ ಗೊತ್ತು, ವಿಚ್ಛೇದನದ ಕೆಲಸ ಮುಗಿಸಿಕೊಂಡೇ ಬಾ. ಆದರೆ ನಾನು ಹೇಳಿದ ಸಮಾಧಾನ ಅವಳಿಗೆ ಸಾಲಲಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು.

ಭಾನುವಾರ ಫೋನ್ ಮಾಡಿದಾಗ ಮೊದಲು ಅವಳನ್ನೇ ಕರೆ. ಹಿಂದಕ್ಕೆ ಹೋಗುವುದಾದರೆ ಅವಳು ಹುಟ್ಟಿದ ದಿನಕ್ಕೆ ಹೋಗಿ, ಏನನ್ನೂ ಬದಲಿಸದೆ, ಅವಳನ್ನು ಇನ್ನೊಮ್ಮೆ ಎತ್ತಿಕೊಂಡು ಬರುತ್ತೇನೆ ಎಂದು ಹೇಳು.

ಬರುವಾಗ ಒಂದು ಸ್ವೆಟರ್ ತಾ, ಒಂದು ಅಳತೆ ದೊಡ್ಡದು. ಹಳೆಯದು ಅವಳಿಗೆ ಗಿಡ್ಡವಾಗಿದೆ.

ಇಂತಿ,
ಅಪ್ಪ