ಹೊಳೆಯ ನಾಲ್ಕು ಆಮೆಗಳು

ಗೋಕಾಕ, ಫೆಬ್ರುವರಿ 2003

ಅಪ್ಪಾ,

ನೀವು ತೀರಿಹೋಗಿ ವರ್ಷವಾಯಿತೆಂದು ಇವತ್ತು ಬೆಳಿಗ್ಗೆ ಮನೆಗೆ ಬಂದೆ. ಹಿತ್ತಲಲ್ಲಿ ನಿಮ್ಮ ತಂಗಿ ಇಂದುಬಾಯಿ ಅತ್ತೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಒಳಗೆ ನಾಲ್ಕು ಆಮೆ. ಘಟಪ್ರಭೆಯಲ್ಲಿ ಬಲೆ ಹಾಕುವವರಿಂದ ಬಿಡಿಸಿಕೊಂಡು ಬಂದದ್ದಂತೆ, ನಿಮ್ಮ ಹೆಸರಿನಲ್ಲಿ ಜೀವದಯೆ.

"ಶುಭಾಂಗಿ, ಇವನ್ನ ನಿನ್ನ ಸಮುದ್ರಕ್ಕ ಒಯ್ದು ಬಿಡು. ಅಲ್ಲಿ ಆಮಿ ಯಾರೂ ಮುಟ್ಟಂಗಿಲ್ಲಂತ, ನೀನ ಕಾಯಾಕತ್ತೀಯಂತ. ನಿಮ್ಮಪ್ಪ ಬಸದಿಗೆ ಬಂದವ್ರಿಗೆಲ್ಲಾ ಹೇಳ್ತಿದ್ದ."

ನಾನು ಕೂಗಾಡಿದೆ. "ಇವು ಹೊಳಿ ಆಮಿ ರೀ ಅತ್ತಿ. ಉಪ್ಪುನೀರಾಗ ಸಾಯ್ತಾವು. ಪುಣ್ಯಾ ಅಂತ ಕೊಲ್ಲಾಕ ಹೊಂಟೀರೇನು?"

ಅವರು ಅತ್ತುಬಿಟ್ಟರು. ಆ ಸಿಟ್ಟು ಅವರ ಮೇಲಿನದಲ್ಲ, ನಿಮ್ಮ ಮೇಲಿನದು. ಕಾರವಾರದ ಕಡೆಯ ರಕ್ಷಿತ ದಂಡೆಯಲ್ಲಿ ಕಡಲಾಮೆಯ ಗೂಡು ಕಾಯಲು ಸ್ವಯಂಸೇವಕರ ಜೊತೆ ನಾನು ಹೊರಟಾಗ, "ಮೀನ ಹಿಡಿಯೋರ ಮನ್ಯಾಗ ಉಣ್ಣಾಕಿ ಈ ಹೊಸ್ತಿಲಾ ತುಳೀಬಾರದು" ಎಂದವರು ನೀವು. ಐದು ವರ್ಷ ತುಳಿಯಲಿಲ್ಲ, ನೀವು ಹೋದ ದಿನವೂ. ಆ ಮೀನುಗಾರರೇ ನನ್ನ ಜೊತೆ ಗೂಡು ಕಾಯುತ್ತಾರೆ, ಅದನ್ನೂ ಬಸದಿಯಲ್ಲಿ ಹೇಳಿದಿರೇನು? ಊರಿಗೆಲ್ಲ ಹೇಳಿದ್ದನ್ನು ನನಗೊಂದು ಕಾರ್ಡಿನಲ್ಲಿ ಬರೆಯಲು ನಿಮಗೇನಾಗಿತ್ತು?

ಲೋಳಸೂರ ಸೇತುವೆಯ ಕೆಳಗೆ ಆಮೆಗಳನ್ನು ಹೊಳೆಗೇ ಬಿಟ್ಟೆ. ಒಂದೊಂದನ್ನು ಬಿಡುವಾಗಲೂ ನಿಮ್ಮ ಹೆಸರು ಹೇಳಬೇಕೆಂದು ಅತ್ತೆ ಹೇಳಿ ಕಳಿಸಿದ್ದರು. ಹೇಳಲಿಲ್ಲ. ನಾಲ್ಕನೆಯದೂ ಮುಳುಗಿದ ಮೇಲೆ ಹೆಸರು ಬಾಯಿಗೆ ಬಂತು. ಕೇಳಲು ಒಂದು ಆಮೆಯೂ ಇರಲಿಲ್ಲ.