ಜಾಲರಿಯ ಆಚೆ ಹನ್ನೆರಡು ಕೋಳಿ

ಕೋಗಿಲಬನ
೧೪ ಡಿಸೆಂಬರ್ ೨೦೨೪

ಪ್ರೀತಿಯ ಉಜ್ಮಾ ಬೇಟಿಗೆ ನಿನ್ನ ಇಮಾಮಸಾಬ ಮಾಮುವಿನ ಸಲಾಮ್ ಮತ್ತು ದುವಾ.

ಸೂಪಾ ಅಣೆಕಟ್ಟು ಕಟ್ಟುವಾಗ ಕಾಳಿ ನದಿ ಎಲ್ಲಿ ನಿಲ್ಲಬೇಕೆಂದು ಇಂಜಿನಿಯರರಿಗೆ ಬೆರಳು ಮಾಡಿ ತೋರಿಸಿದವನು ನಾನು. ಆಗ ನನಗೆ ಆರು ವರ್ಷ. ಅಂಗಿ ಇತ್ತು, ಚಡ್ಡಿ ಇರಲಿಲ್ಲ. ಇಂಥ ಮನುಷ್ಯನನ್ನು ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಹುಳ ಮನೆಯಿಂದ ಹೊರಗೆ ಹಾಕಿಸಿತು. ಪತ್ರ ತಡವಾದದ್ದಕ್ಕೆ ಅದೇ ಕಾರಣ. ಅರ್ಧ ಬರೆದಿಟ್ಟ ಮೊದಲ ಪತ್ರದ ಮೇಲೆ ಕೋಳಿ ಹಿಕ್ಕೆ ಹಾಕಿದ್ದು ಇನ್ನೊಂದು ಕಾರಣ, ಅದೂ ಸರಿಯಾಗಿ ನಿನ್ನ ಹೆಸರಿನ ಮೇಲೆ. ಮಾಫ್ ಮಾಡು. ಕುಂಬಾರವಾಡದ ನಿನ್ನ ಪಶು ಆಸ್ಪತ್ರೆಗೆ ಫೋನ್ ಹತ್ತುವುದೇ ಇಲ್ಲ, ಹಾಗಾಗಿ ಇದನ್ನು ಕಂಡಕ್ಟರ್ ಉಳವಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ.

ಕೋಳಿಗಳು ಎಲ್ಲಿಂದ ಬಂದವು ಎಂದು ಕೇಳಿದ್ದೀ. ಗಣೇಶಗುಡಿ ರಸ್ತೆಯಲ್ಲಿ ಗೋವಾ ಕಡೆ ಹೊರಟ ಲಾರಿಯೊಂದು ಕೆಟ್ಟು ನಿಂತಿತ್ತು. ಮೊಟ್ಟೆ ಇಡುವ ಕಾಲ ಮುಗಿಯಿತೆಂದು ಯಾವುದೋ ಫಾರ್ಮಿನವರು ಕಡಿಯಲು ಕಳಿಸಿದ ಕೋಳಿಗಳು ಅದರ ತುಂಬ. ಇಂಜಿನ್ ಶುರು ಮಾಡಿಕೊಟ್ಟೆ. ಡ್ರೈವರ್ ಕಿಸೆ ತಡವಿಕೊಂಡು, "ರೊಕ್ಕ ಇಲ್ರಿ ಚಾಚಾ, ಕೋಳಿ ಒಯ್ರಿ" ಅಂದ. ತಿನ್ನಬೇಕೆಂದೇ ತಂದೆ. ಆದರೆ ನೆಲಕ್ಕೆ ಬಿಟ್ಟರೆ ಒಂದೂ ಹೆಜ್ಜೆ ಇಡಲಿಲ್ಲ. ಜೀವಮಾನವಿಡೀ ತಂತಿಯ ಮೇಲೆ ನಿಂತ ಕಾಲುಗಳು, ಮಣ್ಣು ಎಂದರೇನೆಂದೇ ಗೊತ್ತಿಲ್ಲ. ಒಂದು ಕೋಳಿ ಕಾಲೆತ್ತಿಕೊಂಡು, ಇಡಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿತು. ಆಮೇಲೆ ನನಗೆ ಕಡಿಯಲು ಕೈ ಬರಲಿಲ್ಲ.

ನಿನ್ನ ಮುಮಾನಿ ರಜಿಯಾ ಆಗ ಮುಂಡಗೋಡದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ತಿರುಗಿ ಬಂದವಳು ನನ್ನ ಹಳೆಯ ರಿಪೇರಿ ಶೆಡ್ಡಿಗೆ ಇಣುಕಿದರೆ, ಪುಕ್ಕ ಉದುರಿ ಬರಿಮೈಯಾದ ಹನ್ನೆರಡು ಕೋಳಿ. ತನ್ನ ಜವಾರಿ ಕೋಳಿಗಳನ್ನು ರಜಿಯಾ ಹೇಗೆ ಸಾಕುತ್ತಾಳೆಂದು ನಿನಗೆ ಗೊತ್ತು. ನನಗೆ ಜ್ವರ ಬಂದಾಗಲೂ ಮೊದಲು ಅವುಗಳ ನೀರು ಬದಲಿಸಿ ಆಮೇಲೆ ನನ್ನ ಹಣೆ ಮುಟ್ಟಿದವಳು.

"ನನ್ನ ಕೋಳಿ ಒಂದ ತೂಕಡಿಸಿದ್ರೂ ಈ ಹನ್ನೆರಡೂ ಆಸೀಫನ ಅಂಗಡಿಗೆ. ಇದರಾಗ ಎರಡನೇ ಮಾತಿಲ್ಲ" ಅಂದಳು.

ಕೋಳಿ ಅಂಗಡಿಯ ಆಸೀಫ ದಿನಾ ನಮ್ಮ ಬಾಗಿಲ ಮುಂದೆ ಗಾಡಿ ನಿಧಾನ ಮಾಡುತ್ತಾನೆ. "ಚೂರಿ ಮಸದ ಇಟ್ಟೇನ್ರಿ ಚಾಚಾ, ನೀವು ಯಾವಾಗ ಅಂತೀರಿ ಅವಾಗ."

ಹೀಗೆ ನನ್ನ ಹನ್ನೆರಡು ಜೀವ, ಏನೇನು ಮಾಡಬೇಕೆಂದು ನೀನು ಬರೆದು ಕಳಿಸಿದ ಕಾಗದದ ಮೇಲೆ ನಿಂತವು. ನೀನು ಬರೆದಂತೆ ಒಂದು ತಿಂಗಳು ಬೇರೆಯೇ ಇಟ್ಟೆ. ಶೆಡ್ಡಿಗೆಂದೇ ಒಂದು ಜೊತೆ ಚಪ್ಪಲಿ ಇಟ್ಟೆ. ಜಂತುವಿನ ಔಷಧಿ ನೀರಿಗೆ ಬೆರೆಸಿದೆ, ಕಾಲಿಗೆ ಎಣ್ಣೆ ಸವರಿದೆ, ಬಾಲ ಎತ್ತಿ ಹೇನು ನೋಡಿದೆ. ಹೇನು ಎಂದರೆ ಹೇನಿನ ಜಾತ್ರೆ ಬೇಟಿ. ಕೊಕ್ಕಿನ ತುದಿ ಕತ್ತರಿಸಿದ ಕೋಳಿಗೆ ತನ್ನ ಮೈ ತಾನು ಹೆಕ್ಕಿಕೊಳ್ಳಲು ಬರುವುದಿಲ್ಲ ಎಂದು ಬರೆದಿದ್ದೆಯಲ್ಲ, ನಿಜ. ಹಳೆಯ ಲಾರಿ ಟೈರಿನಲ್ಲಿ ಒಲೆಯ ಬೂದಿ, ಒಣ ಮಣ್ಣು ತುಂಬಿಸಿಟ್ಟೆ. ಅವು ಅದರ ಸುತ್ತ ನಿಂತು ನೋಡಿದವು, ಅಷ್ಟೆ. ಹೊರಳುವುದು ಹೇಗೆಂದೇ ಗೊತ್ತಿಲ್ಲ.

ಗುರುವಿಲ್ಲದಿದ್ದರೆ ಕಲಿಯುವುದು ಹೇಗೆ? ನಾನೇ ಟೈರಿನೊಳಗೆ ಕುಕ್ಕರುಗಾಲಲ್ಲಿ ಕೂತು, ಮೊಣಕೈ ಬಡಿದು, ಬೂದಿ ಎರಚಿಕೊಂಡು ತೋರಿಸಿದೆ. ಹನ್ನೆರಡೂ ಗೋಡೆಗೆ ಒತ್ತಿಕೊಂಡು ನಿಂತವು. ಶೆಡ್ಡಿನ ಜಾಲರಿಯ ಹೊರಗಿನಿಂದ ಮುಮಾನಿಯ ದನಿ ಬಂತು: "ನಮ್ಮ ಅಬ್ಬಾ ಇದನ್ನ ನಿಕಾಹಕ್ಕ ಮೊದಲ ನೋಡಿದ್ದಿದ್ರ, ನಾ ಇವತ್ತ ಮುಂಡಗೋಡದಾಗ ಸುಖವಾಗಿ ಇರ್ತಿದ್ದೆ."

ಮರುದಿನ ಅಂಗಳದ ಆ ತುದಿಯಲ್ಲಿ ಅವಳ ಕರಿ ಕೋಳಿ ಮಣ್ಣಲ್ಲಿ ಹೊರಳುತ್ತಿತ್ತು. ನನ್ನವು ಜಾಲರಿಗೆ ಕತ್ತು ಚಾಚಿ ನೋಡಿದವು. ಮಧ್ಯಾಹ್ನದ ಹೊತ್ತಿಗೆ ಒಂದು ಟೈರಿಗೆ ಇಳಿಯಿತು, ಸಂಜೆಗೆ ಜಾಗಕ್ಕಾಗಿ ಜಗಳ. ಪಾಠ ಮಾಡಿದವನು ನಾನು. ಕರಿ ಕೋಳಿ ಬರೀ ರಿವಿಜನ್ ಮಾಡಿಸಿತು.

ಈಗ ಆ ಹುಳದ ಸಂಗತಿ. ಚಪ್ಪಲಿ ಬದಲಿಸಿದೆ, ಕೈ ತೊಳೆದೆ, ಲುಂಗಿ ಮಾತ್ರ ಅದೇ. ಲುಂಗಿ ಬದಲಿಸಬೇಕೆಂದು ನೀನು ಬರೆದಿರಲಿಲ್ಲ. (ಬರೆದಿದ್ದೆಯಂತೆ, ಮುಮಾನಿ ಸಾಲು ತೋರಿಸಿದಳು.) ಒಂದು ದಿನ ಮುಂಜಾನೆ ಅವಳು ಕೈ ತುರಿಸಿಕೊಳ್ಳುತ್ತಾ ಎದ್ದಳು. ಹಾಸಿಗೆ ಕೊಡವಿದಳು, ನನ್ನ ಲುಂಗಿ ಕೊಡವಿದಳು, ಬಿದ್ದದ್ದನ್ನು ಉಗುರಿನ ಮೇಲಿಟ್ಟು ನೋಡಿದಳು. ಕೆಂಪು ನುಸಿ.

"ಹೊಸಾದು ಬಂದ್ರ ಒಂದ ತಿಂಗಳ ಬ್ಯಾರೆ ಇಡ್ರಿ ಅಂತ ಉಜ್ಮಾ ಬರದಾಳಲ್ರಿ?"

"ಬರದಾಳ."

"ಈಗ ನೀವೂ ಹೊಸಾದ ಆಗೀರಿ. ನಡೀರಿ ಶೆಡ್ಡಿಗೆ."

ಹೋದೆ, ಬೇಟಿ. ನನ್ನ ಬಟ್ಟೆಗಳನ್ನೆಲ್ಲ ಹಂಡೆಯಲ್ಲಿ ಕುದಿಸಿದಳು. ಜಾಲರಿಯ ಕೆಳಗಿನಿಂದ ನನ್ನ ತಾಟು ಸರಿಸುವಾಗ ಕೋಳಿಗಳ ಜೋಳವನ್ನೂ ಜೊತೆಗೇ ಸರಿಸಿದಳು. ಆಸೀಫ ಬಂದು ನೋಡಿ, "ಹದಿಮೂರನೇದು ಭಾಳ ತೂಕ ಐತ್ರಿ ಚಾಚಿ, ಅದನ್ನೂ ಕೊಡ್ತೀರೇನು?" ಅಂದ. ಅವಳು, "ಮುದಿ ಹುಂಜ, ಬೇಯೂದಿಲ್ಲೋ" ಅಂದಳು.

ಆದರೆ ಶೆಡ್ಡಿನಲ್ಲಿ ಮಲಗಿದ್ದರಿಂದಲೇ ಕಳ್ಳ ಸಿಕ್ಕ. ಕೋಳಿಗಳು ಕೂರುವ ಬಿದಿರ ಗಳದ ಬಿರುಕಿನಲ್ಲಿ ಬೂದುಬಣ್ಣದ ಪುಡಿ ಕಂಡೆ. ಕಾಗದದ ಮಿಲ್ಲಿನಲ್ಲಿ ಇಷ್ಟು ವರ್ಷ ಯಂತ್ರ ನೋಡಿದವನು ನಾನು. ಪುಡಿ ಉದುರಿದಲ್ಲಿ ಒಳಗೇನೋ ಕೊರೆಯುತ್ತಿದೆ ಎಂದು ಗೊತ್ತಾಗದೆ ಇರುತ್ತದೆಯೇ? ಸೂಜಿ ಹಾಕಿ ಕೆದಕಿದರೆ ಕೆಂಪಗೆ ಹರಿದಾಡಿತು. ಗಳಗಳನ್ನು ಸುಟ್ಟೆ, ನಯವಾಗಿ ಹೆರೆದ ಕಟ್ಟಿಗೆ ಹಾಕಿದೆ, ಸಂದಿ ಸಂದಿಗೆ ಸುಣ್ಣ ಬಳಿದೆ. ಈಗ ನುಸಿ ಇಲ್ಲ, ತುರಿಕೆ ಇಲ್ಲ. ಕೋಳಿಗಳಿಗೆ ಹೊಸ ಪುಕ್ಕ ಬಂದಿದೆ, ಎರಡು ಮೊಟ್ಟೆಯನ್ನೂ ಇಟ್ಟಿವೆ. ಆ ಮೊಟ್ಟೆ ಮುಮಾನಿ ಮಾರಲಿಲ್ಲ. ಮುಂಜಾನೆ ಸೂರ್ಯನಿಗೆ ಹಿಡಿದು ನೋಡಿ, ತಂದು ನನ್ನ ತಾಟಿಗೇ ಹಾಕಿದಳು.

ತಿಂಗಳು ತುಂಬಿತು. ಉಜ್ಮಾ ಹ್ಞೂಂ ಅಂದರೆ ಬರುವ ಶುಕ್ರವಾರ ಜಾಲರಿ ತೆಗೆದು ತನ್ನವುಗಳ ಜೊತೆ ಬಿಡುತ್ತೇನೆ ಅಂದಿದ್ದಾಳೆ ಮುಮಾನಿ. ನಿನ್ನ ಒಂದು ಮಾತು ಸಾಕು.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ನೀನು ಮುಟ್ಟಿದ ದನ ಎದ್ದು ನಿಲ್ಲಲಿ, ನಿನ್ನ ಊಟ ಹೊತ್ತಿಗೆ ಸರಿಯಾಗಿ ಸಿಗಲಿ.

ನಿನ್ನ ಮಾಮು
ಇಮಾಮಸಾಬ

ತಾ.ಕ.: ಉಳವಪ್ಪನ ಬಸ್ಸು ಬರುವುದು ಇನ್ನೂ ತಡ, ಅದಕ್ಕೆ ಲಕೋಟೆ ಮತ್ತೆ ಬಿಚ್ಚಿದೆ. ನೀನು ಸುಮ್ಮನೆ ಹ್ಞೂಂ ಅಂದುಬಿಡಬೇಡ. ನಾನು ಲಾರಿಯಿಂದ ತಂದದ್ದು ಹನ್ನೆರಡಲ್ಲ. ಮುಮಾನಿ ಮುಂಡಗೋಡದಿಂದ ಬರುವ ಮೊದಲು ಕೆಲವು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಬಿದ್ದವು. ನನ್ನ ಅಂಗೈಯಿಂದ ನೀರು ಕುಡಿಯುತ್ತಲೇ ಒಂದು ಹೋಯಿತು, ಮೊದಲ ದಿನ ಕಾಲೆತ್ತಿ ನನ್ನ ಮುಖ ನೋಡಿತ್ತಲ್ಲ, ಅದೇ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಉಳಿದವೂ ಅದೇ ದಿನ ಆಸೀಫನ ಅಂಗಡಿಗೆ ಹೋಗುತ್ತಿದ್ದವು. ಅದು ಹಿಂಡಿಗೆಲ್ಲ ಹಬ್ಬುವ ಕೊಕ್ಕರೆ ರೋಗವೇ ಆಗಿದ್ದರೆ ಜಾಲರಿ ತೆಗೆಯುವ ಮೊದಲು ಅವಳ ಕೋಳಿಗಳಿಗೆ ಲಸಿಕೆ ಆಗಬೇಕಲ್ಲವೇ? ನೀನೇ ತಂದು ಹಾಕು. ನಿನ್ನ ಉತ್ತರವನ್ನು ಮುಮಾನಿಯೇ ಒಡೆದು ಓದುತ್ತಾಳೆ, ಗೊತ್ತು. ಓದಲಿ. ತಂದದ್ದು ಇಪ್ಪತ್ತೊಂದು, ಬೇಟಿ. ಒಂಬತ್ತು ಹೋದವು.