ನಡುವಿನ ಬೆಂಚಿನವರು

ಅಣ್ಣಾ,

ಭಾನುವಾರ ಅಮ್ಮನನ್ನು ಕರೆದೊಯ್ಯಲು ಬರುವ ಮುಂಚೆ ಇದನ್ನು ಓದು. ಫೋನಿನಲ್ಲಾದರೆ ಇಬ್ಬರ ದನಿಯೂ ಏರುತ್ತದೆ. ನನಗಂತೂ ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನೀಗ ಹತ್ತನೇ ತರಗತಿಗೆ ಮೊದಲ ಮಹಾಯುದ್ಧ ಮುಗಿದ ಮೇಲಿನ ಶಾಂತಿ ಒಪ್ಪಂದದ ಪಾಠ ಮಾಡುತ್ತಿದ್ದೇನೆ. ಮಕ್ಕಳು ತೂಕಡಿಸದಿರಲಿ ಎಂದು ಮೊನ್ನೆ ಕಿಟಕಿ ಬದಿಯವರನ್ನು ಗೆದ್ದ ದೇಶ, ಬಾಗಿಲ ಬದಿಯವರನ್ನು ಸೋತ ದೇಶ ಮಾಡಿದೆ. ಷರತ್ತು ಬರೆದರು, ಕಿತ್ತಾಡಿದರು, ಕೊನೆಗೆ ಸಹಿಯನ್ನೂ ಹಾಕಿದರು. ನಾನು ಜಂಬದಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಡಿ ಎಳೆದೆ. ಗೆರೆ ನಡುವಿನ ಬೆಂಚಿನ ಕೆಳಗೇ ಹಾದುಹೋಯಿತು. ಅಲ್ಲಿ ಕೂತಿದ್ದ ಹುಡುಗಿ ಕಾಲು ಮೇಲೆತ್ತಿಕೊಂಡು, "ಮಿಸ್, ನಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲ?" ಅಂದಳು.

ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ.

ಆರು ತಿಂಗಳು ನಿನ್ನ ಮನೆ, ಆರು ತಿಂಗಳು ನನ್ನ ಮನೆ ಎಂದು ನಾವು ಚಿಕ್ಕಪ್ಪನ ಮುಂದೆ ಜಗಳ ಮುಗಿಸಿದಾಗ ಅಮ್ಮ ಒಳಗೆ ನಮಗೇ ಟೀ ಮಾಡುತ್ತಿದ್ದಳು. ಇಲ್ಲಿ ಕಪಾಟು ಖಾಲಿ ಮಾಡಿಕೊಟ್ಟರೂ ಅವಳ ಬಟ್ಟೆ ಇವತ್ತಿಗೂ ಸೂಟ್‌ಕೇಸಿನಲ್ಲೇ ಇದೆ.

ಭಾನುವಾರ ಬಾ, ಆದರೆ ಕಾರು ತರಬೇಡ, ಬಸ್ಸಿನಲ್ಲಿ ಬಾ. ಕಾರು ಕಂಡರೆ ಅವಳು ಸೂಟ್‌ಕೇಸ್ ಹಿಡಿದು ಹೊರಟೇಬಿಡುತ್ತಾಳೆ. ಇಬ್ಬರೂ ಅವಳೆದುರು ಕೂತು ಕೇಳಬೇಕು. ನಾನೊಬ್ಬಳೇ ಕೇಳಿದರೆ ಆಗುವುದಿಲ್ಲ. ನಿನ್ನೆ, "ಅಮ್ಮಾ, ನಿಂಗೆ ಎಲ್ಲಿರೋಕೆ ಇಷ್ಟ?" ಅಂದೆ. ಅವಳು ಗಾಬರಿಯಿಂದ ಲೋಟ ಕೆಳಗಿಟ್ಟಳು.

"ಯಾಕೆ, ಮತ್ತೆ ಜಗಳ ಆಡ್ಕೊಂಡ್ರಾ ನೀವಿಬ್ರೂ?"

ನಿನ್ನ ತಂಗಿ